ಡ್ರೈವರ್ ಬಾಜುವಿನ ಸ್ಪ್ರಿಂಗ್

ಗ್ಯಾರೇಜಿನ ಮೇಸ್ತ್ರಿ ಶಾಹನವಾಜ, ಕಾರಿನಿಂದ ಬಿಚ್ಚಿದ, ಎರಡು ತುಂಡಾದ ಸ್ಪ್ರಿಂಗನ್ನು ಅಣ್ಣಾಸಾಬನ ಕೈಗಿಟ್ಟ. "ಮುಂದಿಂದ್ರಿ, ಡ್ರೈವರ್ ಬಾಜುದ್ದು. ಹಿಂದಿನವು ಎರಡೂ ಗಟ್ಟಿ ಅದಾವು."

ಅಣ್ಣಾಸಾಬ ಬೆಂಚಿನ ಕಡೆ ನೋಡಲಿಲ್ಲ. ಅಲ್ಲಿ ಅವನ ಅಕ್ಕ ಉಜ್ವಲಾ ಕೂತಿದ್ದಳು. ನಿಪ್ಪಾಣಿಗೆ ಹೊರಟ ಅವರ ಹಳೆಯ ಕಾರು ಶೇಡಬಾಳದಿಂದ ಚಿಕ್ಕೋಡಿಯವರೆಗೂ ಕಟಕಟ ಎನ್ನುತ್ತಿತ್ತು. ಪ್ರತಿಸಲವೂ ಅವನು ಹಿಂದಿನ ಸೀಟಿನಲ್ಲಿದ್ದ ಅವಳಿಗೆ, "ಅಕ್ಕಾ, ನಡುವ ಸರಿ, ಗಾಡಿ ಅಳಾಕತ್ತೈತಿ," ಎಂದು ಕಾಡಿಸಿದ್ದ. ಗ್ಯಾರೇಜಿನಲ್ಲಿ ಎಲ್ಲರೆದುರು, "ನಮ್ಮಕ್ಕನ ಭಾರಕ್ಕ ಹಿಂದಿನ ಸ್ಪ್ರಿಂಗ್ ಕುಂತಾವ್ ನೋಡ್ರಿ," ಎಂದು ನಗಿಸಿದ್ದ. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತ ಅಕ್ಕನೂ ನಕ್ಕಿದ್ದಳು.

"ರೋಡ್ ಬ್ರೇಕರ್ ಬಂದ್ರೂ ಸ್ಲೋ ಮಾಡೂದಿಲ್ಲೇನ್ರಿ ಕಾಕಾ?" ಎಂದ ಶಾಹನವಾಜ. ಈ ಸಲ ಯಾರೂ ನಗಲಿಲ್ಲ.

ಹೊಸ ಸ್ಪ್ರಿಂಗ್ ಕೂರಿಸಿ, ಚಕ್ರಗಳ ಅಲೈನ್‌ಮೆಂಟ್ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಂದು ಸುತ್ತು ಓಡಿಸಿ ನೋಡಿದಾಗ, ಸ್ಟೀರಿಂಗ್ ಮೇಲಿನ ಕೈ ಬಿಟ್ಟರೂ ಕಾರು ನೆಟ್ಟಗೆ ಹೋಯಿತು. ಅಣ್ಣಾಸಾಬ ಮರಳಿ ಬಂದವನೇ ಇಳಿದು ಹೋಗಿ ಮುಂದಿನ ಬಾಗಿಲು ತೆರೆದ. "ಇಲ್ಲೇ ಮುಂದ ಕುಂದರ ಅಕ್ಕಾ."

ಉಜ್ವಲಾ ತನ್ನ ಕೈಚೀಲವನ್ನು ಆ ಸೀಟಿನ ಮೇಲೆ ಮೆಲ್ಲಗೆ ಇಟ್ಟಳು.

"ಇದನ್ನಷ್ಟ ಒಯ್ಯಪಾ. ಹೊಸಾ ಸ್ಪ್ರಿಂಗ್ ಹಾಕಿಸೀದಿ, ನಾ ಬಸ್ಸಿಗೆ ಬರ್ತೀನಿ."