ನಿನ್ನೆಯ ಉರಿ

ಅದೆಂಥದೋ ರೋಗ ಬಂದು ನರಗಳ ಮೇಲಿನ ಹೊದಿಕೆ ಸವೆದುಹೋದ ಮೇಲೆ ಊರಿನಲ್ಲಿ ಎಲ್ಲರಿಗೂ ಮೈಗೆ ತಾಗಿದ್ದು ಮರುದಿನವಷ್ಟೇ ತಿಳಿಯುತ್ತಿತ್ತು. ಪಕ್ಕದ ಮನೆಯ ಈರಪ್ಪ ನಿನ್ನೆ ಎಡವಿದ್ದಕ್ಕೆ ಈಗ ಕುಂಟುತ್ತ ಕಲ್ಲನ್ನು ಬೈಯುತ್ತಿದ್ದ.

ದಾಕ್ಷಾಯಣಿ ಪಟ್ಟಿ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನಿನ್ನೆ ಸಂಜೆ ಹೊತ್ತಿ ಉರಿಯುತ್ತಿದ್ದ ಅಡುಗೆಮನೆಯಿಂದ ಮಗಳನ್ನು ಎತ್ತಿ ತಂದಿದ್ದಳು. ಮಗು ಉಳಿಯಲಿಲ್ಲ.

“ಗುಳಿಗಿ ನುಂಗವಾ, ಉರಿ ಬರೂ ಹೊತ್ತಾತು,” ಎಂದಳು ಅತ್ತೆ.

“ನುಂಗಿದ್ರ ಏನೂ ತಿಳಿಯೂದಿಲ್ಲಲ್ರೀ ಅತ್ತಿ.”

“ತಿಳೀಬಾರದಂತನ ಕೊಟ್ಟಾರ, ಹುಚ್ಚಿ!”

“ಅಕಿ ನನ್ನ ಕುತ್ತಿಗಿ ತಬ್ಕೊಂಡಿದ್ದೂ ಈಗ ಬರ್ತದರೀ.”

ಅತ್ತೆ ಗುಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕುಳಿತಳು.

ಉರಿ ಬಂತು. ದಾಕ್ಷಾಯಣಿ ಹಲ್ಲು ಕಚ್ಚಿ ಕಾದಳು. ಆಮೇಲೆ ಕೊರಳ ಸುತ್ತ ಎರಡು ಪುಟ್ಟ ತೋಳುಗಳು ಬಿಗಿಯಾದವು. ತುಸು ಹೊತ್ತಿಗೆ, ಮೆಲ್ಲಮೆಲ್ಲನೆ, ಸಡಿಲವಾಗತೊಡಗಿದವು.