ಸಾವಧಾನ್ ನಿಂತ ಚಿತ್ರಗಳು

ರೋಹಿಣಿ ಬಿಡಿಸುವ ಮನುಷ್ಯರೆಲ್ಲ ಒಂದೇ ರೀತಿ ನಿಲ್ಲುತ್ತಿದ್ದರು... ನೆಟ್ಟಗೆ.

ದೊಡ್ಡ ಕಣ್ಣು, ಗಾಳಿಗೆ ಹಾರುವ ಕೂದಲು, ಕೆನ್ನೆಯ ಮೇಲೆ ಒಂದು ಹನಿ... ಮುಖ ಜಪಾನಿನ ಮಾಂಗಾ ಕಾಮಿಕ್ಸ್ ಪುಸ್ತಕದಿಂದ ಎದ್ದು ಬಂದಂತೆ. ಕುತ್ತಿಗೆಯಿಂದ ಕೆಳಗೆ ಮಾತ್ರ ಬರೀ ಕಂಬ.

"ಏನವಾ, ನಿನ್ನ ಹೀರೋ ಅಳಾಕತ್ತಾನೋ, ರಾಷ್ಟ್ರಗೀತೆ ಹಾಡಾಕತ್ತಾನೋ?" ಡ್ರಾಯಿಂಗ್ ಕ್ಲಾಸಿನ ಇರ್ಫಾನ್ ಸರ್ ಒಮ್ಮೆ ಕೇಳಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ.

ಆ ತಪ್ಪು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಅಪ್ಪ ಫಕ್ಕೀರಪ್ಪ ಹುಬ್ಬಳ್ಳಿಯ ಹೈಸ್ಕೂಲೊಂದರ ಪಿ.ಟಿ. ಮಾಸ್ತರ. ಅವರು "ಸಾವಧಾನ್!" ಎಂದರೆ ಮೈದಾನದಾಚೆ ಮೇಯುವ ಆಡುಗಳೂ ನೆಟ್ಟಗೆ ನಿಲ್ಲುತ್ತವೆ, "ವಿಶ್ರಾಮ್" ಎಂದರಷ್ಟೇ ಸಡಿಲಾಗುತ್ತವೆ ಎಂದು ಜನ ತಮಾಷೆ ಮಾಡುತ್ತಿದ್ದರು. ಮನೆಯಲ್ಲೂ ಯಾರೂ ಬೆನ್ನು ಬಾಗಿಸಿ ಕೂರುವಂತಿರಲಿಲ್ಲ.

ಈಗ ಆ ದನಿ ಇಲ್ಲ...

ಗಂಟಲಿನ ಕ್ಯಾನ್ಸರ್. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು.

ಮುಂದೆ ರೇಡಿಯೇಶನ್ ಆಗಬೇಕಿತ್ತು. "ಶನಿವಾರ ಮಧ್ಯಾಹ್ನ ಕರ್ಕೊಂಡು ಬರ್ರಿ. ಇನ್ನೂ ತಡ ಮಾಡಿದ್ರ ಕಾಯಿಲೆ ತಿರುಗಿ ಬರಬಹುದು" ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು.

ಅಪ್ಪ ಒಪ್ಪಲಿಲ್ಲ. ಬರೆದು ಮಾತಾಡಲೆಂದು ಕೊಟ್ಟ ಸ್ಲೇಟಿನ ಮೇಲೆ ಒಂದೇ ಪದ... "ಬ್ಯಾಡ."

ಅವ್ವ ಕೈ ಮುಗಿದಳು, ಬೈದಳು, ಅತ್ತಳು. "ಯಾರ ಮ್ಯಾಲ ರೀ ಈ ಸಿಟ್ಟು? ನಾವೇನು ಮಾಡೇವಿ ನಿಮಗ?"

ಅಪ್ಪ ಕೈಲಿದ್ದ ಸ್ಟೀಲ್ ಲೋಟ ಎಸೆದರು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಟ್ಟರು.

ಆ ವಾರ ಸರ್ ಕೊಟ್ಟ ಹೋಂವರ್ಕ್: ಸಿಟ್ಟಿಗೆದ್ದ ಮನುಷ್ಯ. ಪುಸ್ತಕ ನೋಡಿ ಅಲ್ಲ, ಎದುರಿಗಿದ್ದವರನ್ನು ನೋಡಿ ಬಿಡಿಸಬೇಕು.

ರೋಹಿಣಿ ಹೊಸ್ತಿಲ ಬಳಿ ಕೂತು ಅಪ್ಪನನ್ನೇ ಬಿಡಿಸಿದಳು. ಪಕ್ಕದಿಂದ ಕಂಡ ಮೈಯನ್ನು ಇದ್ದಂತೆ ಗೀಚಿದಳು. ಮುಖ ಪೂರ್ತಿ ಗೋಡೆಯ ಕಡೆ ಹೊರಳಿತ್ತು, ಕಾಣಲಿಲ್ಲ...

ಅದನ್ನು ಮನಸ್ಸಿನಿಂದಲೇ ತುಂಬಿದಳು. ಗಂಟಿಕ್ಕಿದ ಹುಬ್ಬು, ಕಚ್ಚಿದ ಹಲ್ಲು. ಹಣೆಯ ಮೇಲೆ, ಮಾಂಗಾದಲ್ಲಿ ಸಿಟ್ಟಿಗೆಂದೇ ಹಾಕುವ ಉಬ್ಬಿದ ನರದ ಗುರುತು.

ಶನಿವಾರ ಬಂತು. ಮನೆಯಲ್ಲಿ ಉಸಿರು ಕಟ್ಟಿದಂತಾಗಿ ಬೆಳಿಗ್ಗೆ ಕ್ಲಾಸಿಗೆ ಬಂದಿದ್ದಳು. ಅಲ್ಲಿಗೇ ಅವ್ವನ ಫೋನ್.

"ಆಟೋ ಹೇಳೇನಿ. ನಿಮ್ಮಪ್ಪ ಅಂಗಿ ಸುದ್ದ ಹಾಕ್ಕೊಳ್ಳವಲ್ರು. ಲಗೂನ ಬಾರವಾ..."

ಅವಳು ಏಳುವಷ್ಟರಲ್ಲಿ ಇರ್ಫಾನ್ ಸರ್ ಅವಳ ಚಿತ್ರವನ್ನು ಕೈಗೆತ್ತಿಕೊಂಡಿದ್ದರು. ಅಂಗೈಯಿಂದ ಮುಖವನ್ನು ಪೂರ್ತಿ ಮುಚ್ಚಿ ಎಲ್ಲರಿಗೂ ಹಿಡಿದು ತೋರಿಸಿದರು.

"ಮುಖ ಮರತುಬಿಡ್ರಿ. ಈ ಮನಷ್ಯಾಗ ಏನಾಗೇತಿ?"

ಮುಂದಿನ ಬೆಂಚಿನ ಹುಡುಗಿ ಥಟ್ಟನೆ ಹೇಳಿದಳು, "ಇಂಜೆಕ್ಷನ್‌ಗೆ ಪಾಳಿ ಹಚ್ಚಿದ ಸಣ್ಣ ಹುಡುಗನಂಗ ಕಾಣ್ತಾರ್ರೀ ಸರ್!"

ಕ್ಲಾಸು ನಕ್ಕಿತು. ರೋಹಿಣಿ ನಗಲಿಲ್ಲ...

ಕಿವಿಯವರೆಗೆ ಏರಿದ ಭುಜಗಳು. ಒಂದು ಕೈ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಕಾಲ್ಬೆರಳುಗಳು ಕುರ್ಚಿಯ ಕಾಲಿಗೆ ಸುತ್ತಿಕೊಂಡಿದ್ದವು.

ಎಲ್ಲವನ್ನೂ ಅವಳೇ ಬಿಡಿಸಿದ್ದಳು. ಒಂದನ್ನೂ ನೋಡಿರಲಿಲ್ಲ.

ಸರ್ ದನಿ ತಗ್ಗಿಸಿದರು. "ಮೈ ನೀ ನೋಡಿ ಬರದೀ. ಮುಖ ನಿನ್ನ ತಲಿಯೊಳಗಿಂದ ಬರದೀ... ಯಾರವಾ ಇವರು?"

ರೋಹಿಣಿ ಸರ್ ಕೈಯಿಂದ ಚಿತ್ರ ತೆಗೆದುಕೊಂಡು ಓಡಿದಳು.

ಮನೆಯ ಮುಂದೆ ಆಟೋ ನಿಂತಿತ್ತು. "ನನಗ ಸಾಕಾತು, ನೀನ ಹೇಳು" ಎಂದು ಅವ್ವ ಬಾಗಿಲಲ್ಲೇ ಕುಸಿದಳು.

ರೋಹಿಣಿ ಪೆನ್ಸಿಲ್ ತುದಿಯ ರಬ್ಬರಿನಿಂದ ಚಿತ್ರದ ಮುಖವನ್ನು ಅಳಿಸಿದಳು. ಆ ಹಾಳೆಯನ್ನು ಅಪ್ಪನ ತೊಡೆಯ ಮೇಲಿಟ್ಟು, ನೆಲಕ್ಕೆ ಕೂತಳು.

"ಅಪ್ಪಾ... ನಿನಗ ಅಂಜಿಕಿ ಆಗೇತೇನು?"

ಅಪ್ಪ ಹಾಳೆಯ ಕಡೆ ತಲೆ ಬಗ್ಗಿಸಿದರು.

ಹೊರಗೆ ಆಟೋದವನ ಹಾರ್ನ್. "ಬರ್ತೀರೋ ಇಲ್ಲೋ? ನನ್ನ ಬ್ಯಾರೆ ಬಾಡಿಗಿ ಹೋಗ್ತೈತ್ರಿ!"

ಅಪ್ಪನ ಬೆರಳು ಚಿತ್ರದ ಭುಜಗಳ ಮೇಲೆ ನಿಧಾನಕ್ಕೆ ಹರಿಯಿತು. ಆಮೇಲೆ ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. ಮೈದಾನದಲ್ಲಿ ಸುಣ್ಣದ ಗೆರೆ ಹಾಕಿದ್ದು ಬಿಟ್ಟರೆ ಆ ಕೈ ಎಂದೂ ಚಿತ್ರ ಬಿಡಿಸಿರಲಿಲ್ಲ.

ಕುರ್ಚಿಯ ಪಕ್ಕದಲ್ಲಿ ಒಂದು ಕಡ್ಡಿಗೊಂಬೆ ಮೂಡಿತು. ರೋಹಿಣಿಯಂತೆಯೇ ಎರಡು ಜಡೆ. ಅದು ಕುರ್ಚಿಯ ಕಡೆ ಬಾಗಿತ್ತು... ಕೂತವನ ಕೈ ಹಿಡಿದಿತ್ತು.

ಅಪ್ಪ ಅವಳ ಕಡೆ ಮುಖ ತಿರುಗಿಸಿದರು. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯವರೆಗೂ ಕಣ್ಣೀರು ಇಳಿದಿತ್ತು. ಅಳುವಿಗೂ ಈಗ ದನಿ ಇರಲಿಲ್ಲ.

"ನಾನೂ ಬರ್ತೀನಿ ಅಪ್ಪಾ. ನೀ ಒಳಗಿರೂತನಕ ಬಾಗಲದಾಗ ಸಾವಧಾನ್ ನಿಂತಿರ್ತೀನಿ... ಆತಿಲ್ಲ?"

ಅಪ್ಪ ಬೇಡವೆಂದು ತಲೆಯಾಡಿಸಿದರು.

ಅವರು ಎದ್ದು ನಿಂತರು. ಎಡಗಾಲನ್ನು ಪಕ್ಕಕ್ಕಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಅವಳಿಗೆ ಮಾಡಿ ತೋರಿಸಿದರು.

ವಿಶ್ರಾಮ್.

ನಂತರ ಗೂಟದ ಮೇಲಿದ್ದ ಅಂಗಿಗೆ ಕೈ ಚಾಚಿದರು...

*

ಸಿಟ್ಟು ಎಂದು ನಾವು ಓದುವ ಎಷ್ಟೋ ಮುಖಗಳು, ನಾವೇ ತುಂಬಿಕೊಂಡ ಚಿತ್ರಗಳು.

ನಿಮ್ಮ ಮನೆಯಲ್ಲಿ ಸದಾ ಸಿಡುಕುವವರು ಒಬ್ಬರಿರಬಹುದು... ಅವರ ಕೈಗಳು ಏನನ್ನು ಹಿಡಿದುಕೊಂಡಿವೆ ಎಂದು ಎಂದಾದರೂ ನೋಡಿದ್ದೀರಾ?