ಹೆಸರು ಕೂಗುವ ಹೊತ್ತು

"ಎಲ್ಲರ ಹೆಸರು ಕೂಗಿ ಮುಗೀತಿದ್ದ ಹಾಗೇ ಆರ್ಗನ್ನಿಂದ ಕೈ ಎತ್ತಿಬಿಡು. ಸದ್ದು ನಿಂತರೆ ವೆಂಡೆಲ್ ತಾನಾಗೇ ತಿರುಗಿ ನೋಡ್ತಾನೆ," ಎಂದು ಅರ್ನೆಸ್ಟೀನ್ ಗಂಡನ ಟೈ ಸರಿಮಾಡಿದಳು. ಡೆಲ್ಬರ್ಟ್ ಹ್ಞೂಂ ಎಂದು ಚರ್ಚಿನ ಆರ್ಗನ್ ಮುಂದೆ ಕೂತ.

ಆ ಭಾನುವಾರ ಅಮೆರಿಕದ ಡೇಟನ್ ಊರಿನ ನಮ್ಮ ಚರ್ಚಿಗೆ ವೆಂಡೆಲ್ ಬಂದಿದ್ದ. ಒಂದು ಕಾಲಕ್ಕೆ ಊರನ್ನೇ ಕುಣಿಸಿದ ಫಂಕ್ ಬ್ಯಾಂಡಿನ ಯಜಮಾನ. ಈಗ ಮರೆವಿನ ಕಾಯಿಲೆ, ಮಗಳು ಕೈಹಿಡಿದು ನಡೆಸಬೇಕು. ಹಳೇ ಬ್ಯಾಂಡಿನವರಲ್ಲಿ ಉಳಿದಿರುವವನು ಡೆಲ್ಬರ್ಟ್ ಒಬ್ಬನೇ. ಬಾಗಿಲಲ್ಲಿ ಕೈ ಕುಲುಕಿದರೂ ವೆಂಡೆಲ್‌ಗೆ ಗುರುತು ಹತ್ತಿರಲಿಲ್ಲ.

ಆ ಬ್ಯಾಂಡಿನಲ್ಲೊಂದು ಪದ್ಧತಿಯಿತ್ತು. ಕೊನೇ ಹಾಡಿಗೆ ಮುಂಚೆ ವೆಂಡೆಲ್ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಕೂಗಿಸಿಕೊಂಡವನು ಕೈಚಳಕ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಅಷ್ಟು ಹೊತ್ತೂ ಹಿಂದೆ ಮೆತ್ತಗೆ ಕೀಬೋರ್ಡ್ ನುಡಿಯುತ್ತಿರಬೇಕು. ಅದು ಡೆಲ್ಬರ್ಟನ ಕೆಲಸ. ಉಳಿದವರ ಹೆಸರು ಮುಗಿಯುವಷ್ಟರಲ್ಲಿ ಜನ ಹುಚ್ಚೆದ್ದಿರುತ್ತಿದ್ದರು, ವೆಂಡೆಲ್ ಡೆಲ್ಬರ್ಟನ ಹೆಸರು ಬಿಟ್ಟು ಸೀದಾ ಹಾಡಿಗೆ ನುಗ್ಗುತ್ತಿದ್ದ. ಬಡಿಸುವವನನ್ನು ಪಂಕ್ತಿಗೆ ಯಾರು ಕರೀತಾರೆ, ಹೇಳಿ. ಡೆಲ್ಬರ್ಟ್ ಕೇಳಿದಾಗಲೆಲ್ಲ ವೆಂಡೆಲ್ "ಮುಂದಿನ ಸಲ, ಮಾರಾಯ" ಎನ್ನುತ್ತಿದ್ದ. ಆ ಮುಂದಿನ ಸಲ ಬರಲೇ ಇಲ್ಲ.

ಪಾಸ್ಟರ್ ಮೈಕು ಕೊಟ್ಟು, ಹಳೇ ಗೆಳೆಯರನ್ನು ನೆನೆಸಿಕೊಳ್ಳಿ ಅಂದರು. ವೆಂಡೆಲ್ ಪೆಚ್ಚಾಗಿ ನಿಂತ. ಡೆಲ್ಬರ್ಟ್ ಅದೇ ಹಳೇ ನಡೆಯನ್ನು ಮೆಲ್ಲಗೆ ಹಿಡಿದ. ಮುದುಕನ ಬೆನ್ನು ನೆಟ್ಟಗಾಯಿತು.

"ಡ್ರಮ್ಸ್ ಮೇಲೆ, ನಮ್ಮ ಲೆಮ್ಯುಯೆಲ್!"

ಜನ ಎದ್ದು ನಿಂತರು. ಬಾಸ್ ಗಿಟಾರಿನ ಹರ್ಷೆಲ್, ತುತ್ತೂರಿಯ ಅಣ್ಣತಮ್ಮಂದಿರು, ಸತ್ತವರೆಲ್ಲ ಒಬ್ಬೊಬ್ಬರಾಗಿ ಬಂದರು. ಕೂಗಲು ಇನ್ನು ಒಂದೇ ಹೆಸರು ಉಳಿದಿತ್ತು. ಡೆಲ್ಬರ್ಟ್ ಆರ್ಗನ್ನಿಂದ ಕೈ ಎತ್ತಿದ.

ವೆಂಡೆಲ್ ತಿರುಗಲಿಲ್ಲ. ಅವನ ಮುಖವೇ ಬಿಳಿಚಿಕೊಂಡಿತು. "ಮಗಳೇ, ಎಲ್ಲಿದೀನಿ ನಾನು? ಯಾರು ಇವರೆಲ್ಲ?" ಎಂದು ಮೈಕಿನಲ್ಲೇ ತೊದಲಿದ. ಅರ್ನೆಸ್ಟೀನ್ ಮುಂದಿನ ಸಾಲಿನಿಂದ, ಸ್ವಲ್ಪ ತಡಿ, ಎಂದು ಕಣ್ಸನ್ನೆ ಮಾಡಿದಳು. ಡೆಲ್ಬರ್ಟನಿಗೆ ಆಸೆ ಎಷ್ಟಿತ್ತೋ ಆ ದೇವರಿಗೇ ಗೊತ್ತು. ಆದರೆ ಆ ಮುಖ ನೋಡಿಕೊಂಡು ಕೂರಲು ಅವನ ಕೈಲಾಗಲಿಲ್ಲ. ಕೈ ಮತ್ತೆ ಆರ್ಗನ್ ಮೇಲಿಟ್ಟ.

ವೆಂಡೆಲ್ ನಕ್ಕ. ಲೆಮ್ಯುಯೆಲ್‌ನಿಂದ ಶುರುಮಾಡಿ ಎಲ್ಲರನ್ನೂ ಇನ್ನೊಮ್ಮೆ ಕೂಗಿದ, ಚಪ್ಪಾಳೆ ತಗೊಂಡ, ಮಗಳ ತೋಳು ಹಿಡಿದು ಇಳಿದುಬಂದ. ಆರ್ಗನ್ ಪಕ್ಕ ಬಂದಾಗ ನಿಂತು, ಡೆಲ್ಬರ್ಟನ ಭುಜ ತಟ್ಟಿದ.

"ಚೆನ್ನಾಗಿ ನುಡಿಸ್ತೀಯಪ್ಪಾ," ಎಂದ. "ಆದ್ರೆ ನಮ್ಮ ಡೆಲ್ಬರ್ಟ್ ನುಡಿಸೋದನ್ನ ನೀನು ಕೇಳ್ಬೇಕಿತ್ತು."